ರಿವಾಲ್ವರ್‌ಗೆ ಕಟ್ಟಿಗಿ ಗ್ರಿಪ್ ಕೂಡ್ಸೋದು ಹೆಂಗ: ಹಳೇದು ಬಿಚ್ಚೋದ್ರಿಂದ ಹಿಡ್ದು ಎಣ್ಣಿ ಒಣಗೋತನ

ಅಪ್ಪಾರ .32 ಬೋರಿನ (ಬೋರು ಅಂದ್ರ ನಳಗಿ ತೂತಿನ ಅಳತಿ) ರಿವಾಲ್ವರ್ ನನ್ನ ಲೈಸೆನ್ಸಿಗೆ ಬಂದಾಗ ಅದ್ರ ಬಲಗಡಿ ಪ್ಲಾಸ್ಟಿಕ್ ಗ್ರಿಪ್ (ಹಿಡಿಕಿಗೆ ಎರಡೂ ಕಡಿ ಹಚ್ಚೋ ತುಂಡು) ಸ್ಕ್ರೂ ಹತ್ರ ಸೀಳಿತ್ತು, ಅದಕ್ಕ ಕರಿ ಟೇಪ್ ಸುತ್ತಿ ವರ್ಷಗಟ್ಲೆ ಹಂಗ ಇಟ್ಟಿದ್ರು. ನಮ್ಮದು ಸಿರುಗುಪ್ಪ ಕಡಿ, ತುಂಗಭದ್ರಾ ಕೆಳಮಟ್ಟದ ಕಾಲುವಿ ನೀರಿನ ಭತ್ತದ ಗದ್ದಿ, ಮನಿ ಬಳ್ಳಾರ್ಯಾಗ. ಆ ಟೇಪ್ ಬಿಚ್ಚಿ ಕಟ್ಟಿಗಿ ಗ್ರಿಪ್ ಹಾಕಬೇಕು ಅಂತ ಶುರು ಮಾಡಿದ್ದು, ಒಂದು ಜೋಡಿ ಸೀಳಿ ಹೋತು, ಇನ್ನೊಂದು ಜೋಡಿ ಒಣಗಿ ಕುಗ್ಗಿತು, ಮೂರನೇದು ಈಗ ಸರಿಯಾಗಿ ಕೂತೈತಿ. ಈ ಮೂರು ಜೋಡಿ ಮಾಡಿ ಕಲ್ತಿದ್ದನ್ನ ಪೂರ್ತಿ ಬರೀತೀನಿ, ಯಾಕಂದ್ರ ಕನ್ನಡದಾಗ ಇದನ್ನ ಯಾರೂ ಬಿಡಿಸಿ ಹೇಳಿದ್ದು ನನಗ ಸಿಗಲಿಲ್ಲ.

ಮೊದ್ಲ ಒಂದು ಮಾತು ತಲ್ಯಾಗ ಇಟ್ಕೋರಿ, ಮುಂದಿಂದೆಲ್ಲ ಅದ್ರ ಮ್ಯಾಲ ನಿಂತೈತಿ. ಕೊಡ್ಲಿಗೆ ಕಾವು ಹಾಕೋದು ನೋಡಿರ್ತೀರಿ, ಕಾವು ತೂತಿನಾಗ ತಾನ ಗಟ್ಟಿ ಕೂತಿರಬೇಕು, ಬೆಣೆ ಹೊಡ್ಯೋದು ಅದು ಹಿಂದಕ್ಕ ಜಾರಬಾರ್ದು ಅಂತ ಅಷ್ಟ. ಕಾವು ಸಡ್ಲ ಇದ್ದು ಬೆಣೆ ಮ್ಯಾಲ ಭಾರ ಹಾಕಿದ್ರ ಎರಡ ದಿನಕ್ಕ ಕಾವು ಸೀಳತೈತಿ. ಗ್ರಿಪ್ಪೂ ಹಂಗ. ಕಟ್ಟಿಗಿ ಫ್ರೇಮಿನ (ರಿವಾಲ್ವರಿನ ಕಬ್ಬಿಣದ ಮೈ) ಮ್ಯಾಲ ಸುತ್ತಾ ಕೂತಿರಬೇಕು, ಸ್ಕ್ರೂ ಬರೇ ಎರಡು ತುಂಡನ್ನ ಜೋಡಿಸಿ ಇಟ್ಟಿರಬೇಕು. ಸ್ಕ್ರೂ ಬಿಗಿ ಮಾಡಿ ಸಂದು ಮುಚ್ಚಿಸ್ತೀನಿ ಅಂದ್ರ ಅವತ್ತ ಸೀಳು ಶುರು ಆತು ಅಂತ ತಿಳ್ಕೋರಿ.

ಕಾನೂನಿನ ವಿಷಯ, ಇದನ್ನ ಓದ್ದೆ ಮುಂದ ಹೋಗಬ್ಯಾಡ್ರಿ

1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇರೋರ ಕೈಯಾಗ ಮಾತ್ರ ಆಯುಧ ಇರಬೇಕು, ಅದು ಸೆಕ್ಷನ್ 3. ರಿಪೇರಿ ಮಾಡೋರಿಗೂ ಬೇರೆ ಲೈಸೆನ್ಸ್ ಬೇಕು, ಅದು ಸೆಕ್ಷನ್ 5. ಇದ್ರ ಅರ್ಥ ಏನು ಅಂದ್ರ ನಿಮ್ಮ ಓಣಿ ಬಡಿಗ್ಯಾರ ಹತ್ರ ರಿವಾಲ್ವರ್ ಒಯ್ದು "ಇದಕ್ಕೊಂದು ಹಿಡಿಕಿ ಮಾಡಿಕೊಡಣ್ಣ" ಅಂತ ಬಿಟ್ಟು ಬರೋ ಹಂಗಿಲ್ಲ, ಒಂದು ತಾಸಿಗೂ ಇಲ್ಲ, ಅವ ಎಷ್ಟ ಪರಿಚಯದೋನಿದ್ರೂ ಇಲ್ಲ, ನೀವೂ ಸಿಗ್ತೀರಿ, ಪಾಪ ಅವನೂ ಸಿಗ್ತಾನ. ಬಡಿಗ್ಯಾರ ಹತ್ರ ಹೋಗಬೇಕಾದದ್ದು ಹಳೇ ಗ್ರಿಪ್ ತುಂಡು, ರಟ್ಟಿನ ಅಚ್ಚು, ಕಟ್ಟಿಗಿ, ಇಷ್ಟ. ಈ ಕೆಲಸ ಪೂರ್ತಿ ಹಂಗ ಮಾಡಾಕ ಬರ್ತೈತಿ, ಮುಂದ ಹೇಳ್ತೀನಿ.

ಇನ್ನೊಂದು, ನಾವು ಮುಟ್ಟೋದು ಕಟ್ಟಿಗಿ ಮಾತ್ರ. ಗ್ರಿಪ್ ಕೂಡ್ಲಿಲ್ಲ ಅಂತ ಫ್ರೇಮಿನ ಕಬ್ಬಿಣಕ್ಕ ಅರ ಹಾಕಬ್ಯಾಡ್ರಿ, ಕಬ್ಬಿಣದ ಕೆಲಸ ಏನ ಇದ್ರೂ ಲೈಸೆನ್ಸ್ ಇರೋ ಗನ್ ಅಂಗಡ್ಯೋರದ್ದು. ಆಯುಧದ ಮ್ಯಾಲಿನ ನಂಬರ್, ಗುರ್ತು ಅಳಿಸೋದು ಸೆಕ್ಷನ್ 8ರಾಗ ಅಪರಾಧ, ಅದಕ್ಕ ನಂಬರ್ ಇರೋ ಜಾಗಕ್ಕ ಸ್ಯಾಂಡ್ ಪೇಪರ್ ತಾಗಬಾರ್ದು, ಹೊಸ ಗ್ರಿಪ್ ನಂಬರ್ ಮ್ಯಾಲ ಹತ್ತಿ ಮುಚ್ಚಲೂಬಾರ್ದು, ಇನ್‌ಸ್ಪೆಕ್ಷನ್‌ಗೆ ಒಯ್ದಾಗ ಅದು ಕಾಣಬೇಕು. ಗ್ರಿಪ್ ಬದ್ಲಾದ್ರ ಲೈಸೆನ್ಸ್ ಬುಕ್ಕಿನಾಗ ಬರ್ದ ಬೋರು, ನಂಬರು ಏನೂ ಬದ್ಲಾಗಲ್ಲ, ಆದ್ರೂ ಮನಸ್ಸಿನ್ಯಾಗ ಅನುಮಾನ ಇದ್ರ ಡಿಸಿ ಆಫೀಸಿನ ಲೈಸೆನ್ಸ್ ಸೆಕ್ಷನ್‌ನಾಗ ಒಂದು ಮಾತು ಕೇಳಿ ಬರ್ರಿ.

ಖಾಲಿ ಮಾಡೋದು

ಗುಂಡು ಇರೋ ರೂಮಿನಾಗ ಈ ಕೆಲಸ ಮಾಡಬ್ಯಾಡ್ರಿ. ಗುಂಡಿನ ಡಬ್ಬಿ ಬೇರೆ ರೂಮಿನ ಅಲ್ಮಾರಾದಾಗ ಇಟ್ಟು ಕೀಲಿ ಹಾಕಿ ಬರ್ರಿ, ಮಕ್ಕಳನ್ನ ಹೊರಗ ಕಳಿಸ್ರಿ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ .32 ನಿಮ್ಮದಿದ್ರ ಅದು ಹಳೇ ವೆಬ್ಲಿ ಮಾದರಿಯಿಂದ ಬಂದದ್ದು, ನಡುವಿಗೆ ಮುರ್ಕೊಂಡು ತೆರೀತೈತಿ, ಹೆಬ್ಬೆಟ್ಟಿನಿಂದ ಮ್ಯಾಲಿನ ಕೊಂಡಿ ಒತ್ತಿ ನಳಗಿ ಕೆಳಗ ಬಗ್ಗಿಸಿದ್ರ ಸಿಲಿಂಡರಿನಾಗ ಗುಂಡು ಕೂಡೋ ಆರೂ ಮನಿ ಕಾಣ್ತಾವು. ನಳಗಿ ಬಾಯಿ ಗ್ವಾಡಿ ಕಡಿಗಿರಲಿ, ಮಂದಿ ಕಡಿಗೆ ಅಲ್ಲ. ಆರೂ ಮನಿ ಕಣ್ಣಿಂದ ನೋಡ್ರಿ, ಆಮ್ಯಾಲ ಕಿರುಬೆರಳಿನ ತುದಿ ಹಾಕಿ ಒಂದೊಂದ ಮುಟ್ಟಿ ನೋಡ್ರಿ. ಚಾ ಕುಡಿಯಾಕ ಎದ್ದು ಹೋಗಿ ಬಂದ್ರೂ ಮತ್ತ ಮೊದ್ಲಿಂದ ನೋಡ್ರಿ. ನಾನು ಮೂರು ಜೋಡಿ ಮಾಡೋ ಹೊತ್ತಿಗೆ ನೂರು ಸಲನಾದ್ರೂ ನೋಡಿರಬೇಕು, ಒಂದು ಸಲನೂ ದಂಡ ಅನಿಸಿಲ್ಲ.

ನಿಮ್ಮ ಕೈ ಅಳತಿ

ಬಂಗಾರದಂಥ ಕಟ್ಟಿಗಿ ತಂದ್ರೂ ಕೈಗೆ ಹೊಂದಲಿಲ್ಲ ಅಂದ್ರ ಏನ ಮಾಡ್ತೀರಿ? ಖಾಲಿ ರಿವಾಲ್ವರ್ ಹಿಡ್ಕೊಂಡು ನೋಡ್ರಿ. ಕೆಳಗಿನ ಮೂರು ಬೆರಳಿನ ತುದಿ ಅಂಗೈ ಬುಡಕ್ಕ ಚುಚ್ಚಾಕ್ಹತ್ತಿದ್ರ ಗ್ರಿಪ್ ಭಾಳ ತೆಳ್ಳಗೈತಿ, ಬೆರಳು ಪೂರ್ತಿ ಸುತ್ತಿ ಬರಲಿಲ್ಲ ಅಂದ್ರ ದಪ್ಪ ಐತಿ. ತೋರಬೆರಳು ಟ್ರಿಗರ್ ಮ್ಯಾಲ ಸಲೀಸಾಗಿ ಹೋಗಬೇಕು, ಅದಕ್ಕಾಗಿ ಕೈ ತಿರುವಬೇಕಾದ್ರ ಹಿಂದಿನ ಕಡಿ ಕಟ್ಟಿಗಿ ಜಾಸ್ತಿ ಆಗೈತಿ ಅಂತ. ಮಂದಿ ಮಾಡೋ ತಪ್ಪು ಏನಪಾ ಅಂದ್ರ ನೋಡಾಕ ಭರ್ತಿ ಕಾಣ್ಲಿ ಅಂತ ದಪ್ಪ ಗ್ರಿಪ್ ತರೋದು. .32ರ ಒದಿ (ಗುಂಡು ಹಾರಿದಾಗ ಕೈಗೆ ಬರೋ ಹೊಡ್ತ) ಹಗುರ, ಅದಕ್ಕ ದೊಡ್ಡ ಗ್ರಿಪ್ ಬೇಕಾಗಂಗಿಲ್ಲ. ಹಳೇ ಗ್ರಿಪ್ ಮ್ಯಾಲ ಸೈಕಲ್ ಟ್ಯೂಬ್ ಪಟ್ಟಿ ಒಂದೊಂದು ಸುತ್ತು ಸುತ್ತಿ ಹಿಡ್ದು ನೋಡ್ಕೊಂಡು, ಚಲೋ ಅನಿಸಿದಾಗ ವರ್ನಿಯರ್ (ದಪ್ಪ ಅಳಿಯೋ ಸಾಧನ) ಹಚ್ಚಿ ದಪ್ಪ ಬರ್ಕೋರಿ, ಅದ ನಿಮ್ಮ ಅಳತಿ.

ಯಾವ ಕಟ್ಟಿಗಿ

ರೆಡಿಮೇಡ್ ಗ್ರಿಪ್ ಗನ್ ಅಂಗಡ್ಯಾಗ, ಆನ್‌ಲೈನ್‌ನಾಗ ಸಿಗ್ತಾವು, ಜಾಸ್ತಿ ಶೀಶಮ್ಮಿನವು, ಅದು ಬೀಟೆ ಜಾತಿ ಕಟ್ಟಿಗಿ. ಹೊರಗಿನ ದೇಶದ ಕಂಪನಿಗಳದ್ದು ಸ್ಮಿತ್ ಅಂಡ್ ವೆಸ್ಸನ್, ಕೋಲ್ಟ್, ರೂಗರ್ ಅಂಥ ಮಾಡೆಲ್‌ಗೆ ಅಳತಿ ಮಾಡಿದ್ದು, ನಮ್ಮ ಕಾನ್ಪುರದ್ದಕ್ಕ ಅವು ಕೂಡಂಗಿಲ್ಲ, ಚಿತ್ರ ನೋಡಿ ಒಂದ ಥರ ಐತಿ ಅಂತ ತರಿಸಬ್ಯಾಡ್ರಿ. ನಮ್ಮ ಮಾಡೆಲ್ಲಿಗಂತ ಬರೋವೂ ಒಳಗ ಒಂಚೂರು ಕಟ್ಟಿಗಿ ಬಿಟ್ಟ ಬರ್ತಾವು, ಅದು ತಪ್ಪಲ್ಲ, ಬರಬೇಕಾದದ್ದ ಹಂಗ, ಕೈಯಿಂದ ಕೂಡಿಸ್ಕೋಬೇಕು ಅಂತ. ಕೊಳ್ಳೋವಾಗ ಒಳಮೈ ನೋಡ್ರಿ, ಕಟ್ಟಿಗಿ ಎಳಿ ಗ್ರಿಪ್ಪಿನ ಉದ್ದಕ್ಕ ಓಡಿರಬೇಕು. ಅಡ್ಡ ಓಡಿದ್ರ ಕೆಳಗಿನ ಮೂಲಿ ಒಂದ ಪೆಟ್ಟಿಗೆ ಮುರಿತೈತಿ.

ತಾವ ಮಾಡ್ಕೋಳೋರಿಗೆ ನಾನು ಹೇಳೋದು, ಕೈಮುಗಿದು ಹೇಳ್ತೀನಿ, ಬೀಟೆ ಹುಡುಕ್ಕೊಂಡು ದೂರ ಹೋಗಬ್ಯಾಡ್ರಿ, ನಮ್ಮ ಊರ ಹೆಸರಿನ ಗಿಡ ಐತಲ್ಲ, ಬಳ್ಳಾರಿ ಜಾಲಿ, ಅದನ್ನ ಒಂದು ಸಲ ನೋಡ್ರಿ. ಮುಳ್ಳು ಚುಚ್ಚಿದ್ರ ಬಾವು ಬರ್ತೈತಿ, ಹೊಲ ಕೆಡಿಸ್ತೈತಿ, ಕಡ್ದು ಇದ್ಲಿ ಸುಡ್ತಾರ, ಅಷ್ಟಕ್ಕ ನಾವು ಅದನ್ನ ಬಿಟ್ಟೀವಿ. ಆದ್ರ ಇದು ಅಮೆರಿಕಾ ಖಂಡದಿಂದ ಬಂದ ಗಿಡ, ಅಲ್ಲಿ ಇದ್ರ ಅಣ್ಣತಮ್ಮಂದಿರ ಜಾತಿಗೆ ಮೆಸ್ಕೀಟ್ ಅಂತಾರ, ಚಾಕು ಹಿಡಿಕಿಗೆ, ಬಂದೂಕಿನ ಕಟ್ಟಿಗಿಗೆ ಅದನ್ನ ಬಳಸ್ತಾರ, ಕಾರಣ ಏನು ಅಂದ್ರ ಗಟ್ಟಿನೂ ಹೌದು, ಒಣಗಿದಾಗ ಕುಗ್ಗೋದೂ ಭಾಳ ಕಡಿಮಿ. ಬ್ಯಾಸಿಗ್ಯಾಗ ನಲವತ್ತು ಡಿಗ್ರಿ ದಾಟಿ, ಮಳಿಗಾಲದಾಗ ಮತ್ತ ತೇವ ಹಿಡಿಯೋ ನಮ್ಮ ಕಡಿಗೆ ಕುಗ್ಗದ ಕಟ್ಟಿಗಿಗಿಂತ ದೊಡ್ಡ ಗುಣ ಇನ್ನೊಂದಿಲ್ಲ. ಹೊಸ ಎಳೇ ಗಿಡ ಬ್ಯಾಡ, ದಪ್ಪ ಹಳೇ ಬೊಡ್ಡಿ ಬೇಕು, ಹೊರಗಿನ ಹಳದಿ ಭಾಗ ಬಿಟ್ಟುಬಿಡ್ರಿ, ಅದಕ್ಕ ಹುಳ ಬೀಳ್ತೈತಿ, ಒಳಗಿನ ಕೆಂಪು ಕಂದು ತಿರುಳು ಮಾತ್ರ ತಗೋರಿ. ಎಣ್ಣಿ ಹಚ್ಚಿದ ಮ್ಯಾಲ ಅದ್ರ ಬಣ್ಣ ನೋಡಿದ್ರ ಇದು ಒಲಿಗೆ ಹಾಕೋ ಕಟ್ಟಿಗಿ ಅಂತ ಯಾರೂ ನಂಬಂಗಿಲ್ಲ.

ಹಸಿ ಕಟ್ಟಿಗಿ ಅವಸರ ಮಾಡಿ ಬಿಸಲಿಗೆ ಇಟ್ರ ಸೀಳ್ತೈತಿ. 15 ಮಿ.ಮೀ. ದಪ್ಪ ಹಲಗಿ ಕೊಯ್ಸಿ, ಎರಡೂ ತುದಿಗೆ ಪೇಂಟ್ ಇಲ್ಲಾ ಮೇಣ ಬಳದು, ನಡುವ ಸಣ್ಣ ಕಡ್ಡಿ ಇಟ್ಟು ಒಂದ್ರ ಮ್ಯಾಲ ಒಂದು ನೆಳ್ಳಾಗ ಪೇರಿಸಿ ಇಡ್ರಿ. ಒಣಗೈತೋ ಇಲ್ಲೋ ತಿಳ್ಕೊಳ್ಳಾಕ ಅಡುಗಿಮನಿ ಡಿಜಿಟಲ್ ತಕ್ಕಡಿ ಸಾಕು, ವಾರಕ್ಕೊಂದ ಸಲ ತೂಗಿ ಪೆನ್ಸಿಲ್‌ನಾಗ ಹಲಗಿ ಮ್ಯಾಲ ಬರೀರಿ, ಮೂರು ನಾಲ್ಕು ವಾರ ತೂಕ ಇಳೀದ ನಿಂತ್ರ ಒಣಗಿದಂಗ. ನನಗ ಸುಮಾರು ಎಂಟು ತಿಂಗಳು ಹಿಡೀತು. ಅಷ್ಟು ಪುರುಸೊತ್ತಿಲ್ಲ ಅಂದ್ರ ಹಳೇ ಮನಿ ಕೆಡವಿದ ಸಾಗವಾನಿ ಚೌಕಟ್ಟಿನ ತುಂಡು ಸಿಗ್ತೈತಲ್ಲ ಅದನ್ನ ತಗೋರಿ, ಅದು ಎಷ್ಟೋ ವರ್ಷ ಒಣಗಿರ್ತೈತಿ, ಆದ್ರ ಮೊಳಿ ತೂತು ನೋಡ್ಕೋರಿ. ಕಿನ್ನಾಳದ ಗೊಂಬಿ ಕಟ್ಟಿಗಿ ಹಂಥಾ ಹಗುರ ಕಟ್ಟಿಗಿ ಈ ಕೆಲಸಕ್ಕ ಬರಂಗಿಲ್ಲ, ಗೊಂಬಿಗೆ ಅದು ಚಲೋ, ಸ್ಕ್ರೂ ಒತ್ತಡಕ್ಕ ಅದು ಒಳಗ ಕುಸೀತೈತಿ. ಬೀಟೆ, ಶೀಶಮ್ ತಿಕ್ಕೋರು ಮಾಸ್ಕ್ ಹಾಕ್ಕೊಳ್ಳಲೇಬೇಕು, ಅದ್ರ ಪುಡಿ ಕೆಲವರಿಗೆ ಚರ್ಮಕ್ಕೂ ಎದಿಗೂ ತ್ರಾಸ ಕೊಡ್ತೈತಿ.

ಹಳೇದು ಬಿಚ್ಚೋದು

ಸ್ಕ್ರೂ ಡ್ರೈವರ್ ತುದಿ ಸ್ಕ್ರೂ ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ತುಂಬಬೇಕು. ಮನ್ಯಾಗಿನ ಕರೆಂಟ್ ಟೆಸ್ಟರ್ ತಗೊಂಡು ತಿರುವಿದ್ರ ಸ್ಕ್ರೂ ತಲಿ ಹರೀತೈತಿ, ಜಾರಿ ಫ್ರೇಮಿಗೂ ಗೀರು ಬೀಳ್ತೈತಿ. ದಪ್ಪ ಆದ್ರ ಹಳೇ ಡ್ರೈವರ್ ಒಂದರ ತುದಿನ್ನ ಅರದಾಗ ತಿಕ್ಕಿ ಸಮ ಮಾಡ್ಕೋರಿ. ಸ್ಕ್ರೂ ಸುತ್ತ ಟೇಪ್ ಹಚ್ರಿ. ಭಾಳ ಬಿಗಿ ಇದ್ರ ಒಂದು ಹನಿ ತೆಳು ಎಣ್ಣಿ ಬಿಟ್ಟು ರಾತ್ರಿ ಪೂರ್ತಿ ಇಡ್ರಿ.

ಸ್ಕ್ರೂ ಬಂದ ಮ್ಯಾಲ ಗ್ರಿಪ್ ಬರಲಿಲ್ಲ ಅಂದ್ರ ಎಬ್ಬಬ್ಯಾಡ್ರಿ. ಸ್ಕ್ರೂ ಎರಡು ಮೂರು ಸುತ್ತು ಮತ್ತ ಹಾಕಿ ಅದ್ರ ತಲಿ ಮ್ಯಾಲ ಡ್ರೈವರ್ ಹಿಡಿಕಿಯಿಂದ ಮೆಲ್ಲಕ ತಟ್ರಿ, ಆ ಕಡಿ ತುಂಡು ತಾನ ಎದ್ದು ಬರ್ತೈತಿ. ಒಳಗ ಹ್ಯಾಮರ್ (ಗುಂಡು ಹಾರಿಸಾಕ ಹೊಡ್ಯೋ ಸುತ್ತಿಗಿ) ಸ್ಪ್ರಿಂಗ್ ಕಾಣ್ತೈತಿ, ಮಾಡೆಲ್ ಮ್ಯಾಲ ಎಲಿ ಥರದ್ದೋ ಸುರುಳಿ ಥರದ್ದೋ ಇರ್ತೈತಿ, ಅದಕ್ಕ ಕೈ ಹಚ್ಚಬ್ಯಾಡ್ರಿ, ಅದು ಒತ್ತಡದಾಗ ಇರ್ತೈತಿ. ನಮ್ಮ ರಿವಾಲ್ವರಿನಾಗ ವರ್ಷಗಟ್ಲೆ ಕೈ ಬೆವರು ಇಳ್ದು ಗ್ರಿಪ್ ಕೆಳಗ ಕೆಂಪು ತುಕ್ಕು ಕೂತಿತ್ತು. ಸಣ್ಣ ಸ್ಟೀಲ್ ವುಲ್ಲಿಗೆ ಎರಡು ಹನಿ ಎಣ್ಣಿ ಹಾಕಿ ಮೆತ್ತಗ ತಿಕ್ಕಿದ್ರ ಮ್ಯಾಲಿನ ತುಕ್ಕು ಹೋಗ್ತೈತಿ, ಆಮ್ಯಾಲ ಒಣ ಬಟ್ಟಿಲೆ ಎಣ್ಣಿ ಪೂರ್ತಿ ಒರೆಸಿಬಿಡ್ರಿ, ಕಟ್ಟಿಗಿ ಆ ಎಣ್ಣಿ ಕುಡುದ್ರ ಕಪ್ಪಾಗಿ ಮೆತ್ತಗಾಗ್ತೈತಿ.

ಈಗ ರಟ್ಟಿನ ಅಚ್ಚು. ಲಗ್ನ ಪತ್ರಿಕಿ ರಟ್ಟು ಇದಕ್ಕ ಚಲೋ. ಫ್ರೇಮ್ ಅದ್ರ ಮ್ಯಾಲ ಮಲಗಿಸಿ ಚೂಪು ಪೆನ್ಸಿಲ್ ನೆಟ್ಟಗ ಹಿಡ್ದು ಸುತ್ತ ಗೆರಿ ಹಾಕ್ರಿ, ಸ್ಕ್ರೂ ಜಾಗ, ಕೆಳಗ ಸಣ್ಣ ಪಿನ್ ಇದ್ರ ಅದ್ರ ಜಾಗ ಎರಡೂ ಗುರ್ತು ಮಾಡ್ರಿ. ಎಡಕ್ಕ ಬಲಕ್ಕ ಬೇರೆ ಬೇರೆ ಅಚ್ಚು ಮಾಡ್ರಿ, ಎರಡೂ ಕಡಿ ಒಂದ ಥರ ಇರ್ತಾವು ಅಂತ ನಂಬಬ್ಯಾಡ್ರಿ. ಈ ಅಚ್ಚಿನ ಲಾಭ ನನಗ 2024ರಾಗ ಗೊತ್ತಾತು, ಲೋಕಸಭಾ ಎಲೆಕ್ಷನ್ ಅಂತ ಮಾರ್ಚ್‌ನಾಗ ಆಯುಧ ಠಾಣೆಗೆ ಒಪ್ಪಿಸಿದ್ದೆ, ಜೂನ್‌ನಾಗ ವಾಪಸ್ ಬಂತು, ಆ ಮೂರು ತಿಂಗಳು ಮನ್ಯಾಗ ರಿವಾಲ್ವರ್ ಇಲ್ದನ ರಟ್ಟು ನೋಡಿ ಕಟ್ಟಿಗಿನ ಅರ್ಧ ಆಕಾರಕ್ಕ ತಂದಿದ್ದೆ.

ಒಳಮೈ ಕೂಡ್ಸೋದು, ಕೆಲಸ ಅಂದ್ರ ಇದ

ಇಲ್ಲಿ ತಾಳ್ಮಿ ಬೇಕು. ಎರಡು ಸಂಜಿ ಇದಕ್ಕಂತನ ಇಟ್ಕೋರಿ.

ಫ್ರೇಮಿನ ಅಂಚು ಎಲ್ಲೆಲ್ಲಿ ಕಟ್ಟಿಗಿಗೆ ತಾಗ್ತೈತಿ ಅಂತ ಕಣ್ಣಿಗೆ ಕಾಣಂಗಿಲ್ಲ, ಅದನ್ನ ಬಣ್ಣದಿಂದ ಕೇಳಬೇಕು. ಗನ್ ಕೆಲಸದೋರು ಅದಕ್ಕಂತ ಡಬ್ಬಿ ಮಾರ್ತಾರ, ನಮಗ ಕಾಡಿಗಿ ಸಾಕು, ದೀಪದ ಮಸಿಗೆ ಔಡಲೆಣ್ಣಿ ಕಲಸಿ ಮಾಡಿದ ಮನಿ ಕಾಡಿಗಿ ಇದ್ರ ಇನ್ನೂ ಚಲೋ. ಕಿರುಬೆರಳಿಗೆ ಹತ್ತಿಸ್ಕೊಂಡು ಫ್ರೇಮಿನ ಅಂಚಿಗೆ ಕಂಡೂ ಕಾಣದಂಗ ಸವರ್ರಿ. ಜಾಸ್ತಿ ಹಚ್ಚಿದ್ರ ಎಲ್ಲಾ ಕಡಿ ಅಂಟಿ ಸುಳ್ಳು ಹೇಳ್ತೈತಿ. ಗ್ರಿಪ್ ತುಂಡು ನೆಟ್ಟಗ ಇಟ್ಟು ಹೆಬ್ಬೆಟ್ಟಿನಿಂದ ಒತ್ತಿ, ನೆಟ್ಟಗನ ಎತ್ರಿ, ಜಾರಿಸಬ್ಯಾಡ್ರಿ. ಕಟ್ಟಿಗಿ ಮ್ಯಾಲ ಕಪ್ಪು ಎಲ್ಲಿ ಬಿತ್ತು ಅಲ್ಲಿ ಉಬ್ಬು ಐತಿ ಅಂತ ಅರ್ಥ. ಆ ಕಪ್ಪಷ್ಟ ಕೆರೀರಿ, ಚೂಪು ಉಳಿ ನೆಟ್ಟಗ ನಿಂದ್ರಿಸಿ ಕೆರ್ಯೋದು, ಕತ್ತರ್ಸೋದಲ್ಲ. ಮತ್ತ ಒತ್ರಿ, ಮತ್ತ ಕೆರೀರಿ. ಮೊದ್ಲ ಎರಡ ಮೂರ ಚುಕ್ಕಿ ಬೀಳ್ತಾವು, ಆಮ್ಯಾಲ ಏಳೆಂಟು, ಆಮ್ಯಾಲ ಅಂಚಿನ ಉದ್ದಕ್ಕ ಒಂದು ಗೆರಿ ಬರ್ತೈತಿ. ಆ ಗೆರಿ ಬಂದಾಗ ಕಟ್ಟಿಗಿ ಕೂತಂಗ. ನಾನು ಮೂರನೇ ಜೋಡಿಗೆ ಒಂದೊಂದು ತುಂಡಿಗೆ ಮೂವತ್ತು ನಲವತ್ತು ಸಲ ಒತ್ತಿ ತೆಗ್ದೀನಿ.

ಸಂದು ನೋಡಾಕ ಎರಡು ದಾರಿ. ಟ್ಯೂಬ್‌ಲೈಟಿಗೆ ಎದುರು ಹಿಡ್ದು ನೋಡ್ರಿ, ಬೆಳಕು ತೂರಿ ಬರಬಾರ್ದು. ಆಮ್ಯಾಲ ಜೆರಾಕ್ಸ್ ಕಾಗದದ ಸಣ್ಣ ಪಟ್ಟಿ ಕತ್ತರ್ಸಿ ಅಂಚಿನಾಗ ತೂರ್ಸಾಕ ನೋಡ್ರಿ, ಆ ಕಾಗದ ಸುಮಾರು 0.1 ಮಿ.ಮೀ. ಇರ್ತೈತಿ, ಅದು ಹೋಗಲಿಲ್ಲ ಅಂದ್ರ ಸಾಕು, ಅದಕ್ಕಿಂತ ಬಿಗಿ ನಮಗ ಬೇಕಾಗಿಲ್ಲ.

ಸ್ಪ್ರಿಂಗ್ ಓಡಾಡೋ ಜಾಗದಾಗ ಮಾತ್ರ ಇದ್ರ ಉಲ್ಟಾ. ಅಲ್ಲಿ ಕಟ್ಟಿಗಿ ತಾಗಲೇಬಾರ್ದು. ಹ್ಯಾಮರ್ ಎಳದಾಗ ಸ್ಪ್ರಿಂಗ್ ಬಾಗ್ತೈತಿ, ಆಗ ಕಟ್ಟಿಗಿ ಉಜ್ಜಿದ್ರ ಹೊಡ್ತ ಮೆತ್ತಗಾಗಿ ಗುಂಡು ಹಾರ್ದ ಉಳೀಬಹುದು. ಅದಕ್ಕ ಸ್ಪ್ರಿಂಗಿಗೂ ಕಾಡಿಗಿ ಒಂದು ಗೆರಿ ಸವರಿ, ಗ್ರಿಪ್ ಕೂಡ್ಸಿ, ಖಾಲಿ ಐತಿ ಅಂತ ಮತ್ತ ನೋಡಿ, ಹ್ಯಾಮರ್ ಹೆಬ್ಬೆಟ್ಟಿನಾಗ ಹಿಡ್ದು ಮೆಲ್ಲಕ ಎಳ್ದು ಮೆಲ್ಲಕ ಇಳಿಸ್ರಿ, ಬಿಚ್ಚಿ ನೋಡಿದಾಗ ಒಳಗ ಕಪ್ಪು ಗೀರು ಇದ್ರ ಅಷ್ಟು ತೋಡ್ರಿ. ಕೆಲಸ ಮುಗದ ಮ್ಯಾಲ ಕಾಡಿಗಿ ಪೂರ್ತಿ ಒರೆಸೋದು ಮರೀಬ್ಯಾಡ್ರಿ.

ಎಲ್ಲೋ ಒಂದು ಕಡಿ ಜಾಸ್ತಿ ಕೆರದು ತಗ್ಗಾತು ಅಂತಿಟ್ಕೋರಿ. ಅರಾಲ್ಡೈಟ್ ಅಂಟಿಗೆ ಅದ ಕಟ್ಟಿಗಿ ಪುಡಿ ಕಲಸಿ ಆ ತಗ್ಗಿಗೆ ಹಚ್ಚಿ, ಫ್ರೇಮಿಗೆ ಕಾರಿನ ವ್ಯಾಕ್ಸ್ ಎರಡು ಸಲ ಬಳದು, ಸ್ಪ್ರಿಂಗಿನ ಜಾಗಕ್ಕ ಮಕ್ಕಳ ಆಟದ ಕ್ಲೇ ತುಂಬಿ, ಗ್ರಿಪ್ ಒತ್ತಿ ಒಂದು ದಿನ ಪೂರ್ತಿ ಬಿಡ್ರಿ. ವ್ಯಾಕ್ಸ್ ಇಲ್ದ ಕಡಿ ಅರಾಲ್ಡೈಟ್ ತಾಗಿದ್ರ ಗ್ರಿಪ್ ಬರಂಗಿಲ್ಲ, ಅದಕ್ಕ ಮೂಲಿ ಮೂಲಿಗೂ ವ್ಯಾಕ್ಸ್ ಹೋಗೈತೋ ನೋಡ್ರಿ.

ತೂತು ಕೊರಿಯೋದು

ರೆಡಿಮೇಡ್ ತಂದೋರಿಗೆ ತೂತು ಬಂದಿರ್ತೈತಿ, ಮುಂದ ಹೋಗ್ರಿ. ತಾವ ಮಾಡೋರು ಮೊದ್ಲ ಸ್ಕ್ರೂ ತಲಿ ಕೂಡೋ ಅಗಲ ತಗ್ಗು ಹೊರಗಿನಿಂದ ಕೊರ್ಕೊಂಡು ಆಮ್ಯಾಲ ನಡುವಿನ ಸಣ್ಣ ತೂತು ಕೊರೀರಿ. ಮೊದ್ಲ ಸಣ್ಣ ತೂತು ಮಾಡಿದ್ರ ದೊಡ್ಡ ಬಿಟ್ಟಿಗೆ ನಡು ಸಿಗದ ಅಲಗಾಡ್ತೈತಿ. ಕೆಳಗ ರದ್ದಿ ಹಲಗಿ ಒತ್ತಿ ಇಡ್ರಿ, ಇಲ್ಲಾಂದ್ರ ಬಿಟ್ ಹೊರಗ ಬರೋವಾಗ ಕಟ್ಟಿಗಿ ಸಿಬಿರೇಳ್ತೈತಿ. ಫ್ರೇಮಿನ ಮ್ಯಾಲ ಕಟ್ಟಿಗಿ ಇಟ್ಕೊಂಡು ಡ್ರಿಲ್ ಹಿಡಿಯೋದು ಯಾವತ್ತೂ ಬ್ಯಾಡ, ಬಿಟ್ ಸ್ಪ್ರಿಂಗಿಗೆ ತಾಗ್ತೈತಿ, ಅಚ್ಚಿನ ಮ್ಯಾಲಿನ ಗುರ್ತನ್ನ ಕಟ್ಟಿಗಿಗೆ ಇಳಿಸ್ಕೊಂಡು ಬ್ಯಾರೆ ಕಡಿ ಕೊರೀರಿ. ತೂತು ಸ್ಕ್ರೂಗಿಂತ ಕೂದಲೆಳಿಯಷ್ಟು ದೊಡ್ಡದಿರಲಿ, ಸ್ಕ್ರೂ ಕಟ್ಟಿಗಿ ಒಳಗ ಬಿಗಿಯಾಗಿ ಹೋಗಬಾರ್ದು. ನನ್ನ ಮೊದಲ ಜೋಡಿ ಸೀಳಿದ್ದು ಇದರಿಂದನ, ತೂತು ಬಿಗಿ ಇತ್ತು, ಸಂದೂ ಇತ್ತು, ನಾನು ಸಂದು ಮುಚ್ಚಲಿ ಅಂತ ತಿರುವಿದೆ, ಟಕ್ ಅಂತ ಸದ್ದು ಬಂತು, ಮೂರು ವಾರದ ಕೆಲಸ ಹೋತು, ಅವತ್ತ ಊಟ ಸೇರಲಿಲ್ಲ ನನಗ.

ಇನ್ನೊಂದು ಕಡಿ ನಟ್ ಕೂಡೋ ತಗ್ಗಿನಾಗ ನಟ್ ತಿರುಗಬಾರ್ದು, ಒಂಚೂರು ಅರಾಲ್ಡೈಟ್ ಹಾಕಿ ಕೂಡ್ಸ್ರಿ. ಹೊಸ ಗ್ರಿಪ್ ದಪ್ಪ ಇದ್ರ ಹಳೇ ಸ್ಕ್ರೂ ಗಿಡ್ಡ ಆಗ್ತೈತಿ, ಕಮ್ಮಿ ಅಂದ್ರ ನಾಲ್ಕು ಸುತ್ತಾದ್ರೂ ನಟ್ಟಿನಾಗ ಹೋಗಬೇಕು. ಹಾರ್ಡ್‌ವೇರ್ ಅಂಗಡಿ ಸ್ಕ್ರೂ ನೋಡಾಕ ಹಂಗ ಇದ್ರೂ ಅದ್ರ ಚೂಡಿ (ಮೈಮ್ಯಾಲಿನ ಸುರುಳಿ ಗೆರಿ) ಬ್ಯಾರೆ ಇರಬಹುದು, ಬೆರಳಿನಾಗ ಸಲೀಸು ತಿರುಗಲಿಲ್ಲ ಅಂದ್ರ ತುರುಕಬ್ಯಾಡ್ರಿ, ಗನ್ ಅಂಗಡಿಯಿಂದನ ತರ್ರಿ.

ಹೊರ ಆಕಾರ

ಎರಡೂ ತುಂಡು ಕೂಡ್ಸಿ, ಫ್ರೇಮಿನ ಕಬ್ಬಿಣ ಕಾಣೋ ಕಡಿಗೆಲ್ಲ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ರಿ. ಅರದಿಂದ ಆಕಾರ ಕೊಡೋವಾಗ ಟೇಪಿನತನ ಬಂದು ನಿಂದರ್ರಿ, ಟೇಪಿನ ಮೊದಲ ಪದರ ಉಜ್ಜಾಕ ಶುರು ಆತು ಅಂದ್ರ ಸಾಕು. ಆಮ್ಯಾಲ ಗ್ರಿಪ್ ಬಿಚ್ಚಿ ಕೈಯಾಗ ಹಿಡ್ದು ಸ್ಯಾಂಡ್ ಪೇಪರ್, 120, 220, 320, ಕಡೀಗೆ 400. ಎಳಿ ಉದ್ದಕ್ಕ ತಿಕ್ರಿ. 320 ಆದ ಮ್ಯಾಲ ಒದ್ದಿ ಬಟ್ಟಿಲೆ ಒಂದ ಸಲ ಒರೆಸ್ರಿ, ಎಳಿ ಎದ್ದು ನಿಂದರ್ತಾವು, ಒಣಗಿದ ಮ್ಯಾಲ 400 ಹಾಕಿದ್ರ ಮುಂದ ಕೈ ಬೆವರಿಗೆ ಖರಖರ ಆಗಂಗಿಲ್ಲ. ಕನ್ನಡಿ ಹಂಗ ನುಣುಪು ಮಾಡಾಕ ಹೋಗಬ್ಯಾಡ್ರಿ, ಬೆವರಿದ ಕೈಗೆ ಜಾರ್ತೈತಿ.

ನಡುನಡುವ ಹಿಡ್ದು ನೋಡ್ರಿ, ತೆರದು ಮುಚ್ಚಿ ನೋಡ್ರಿ. ನಡು ಮುರಿಯೋ ಮಾಡೆಲ್ ಪೂರ್ತಿ ತೆರಿಯಾಕ ಕಟ್ಟಿಗಿ ಅಡ್ಡ ಬರಬಾರ್ದು, ಹೆಬ್ಬೆಟ್ಟು ಮ್ಯಾಲಿನ ಕೊಂಡಿಗೆ ಹೋಗೋ ದಾರ್ಯಾಗೂ ಉಬ್ಬು ಇರಬಾರ್ದು. ಸಿಲಿಂಡರ್ ಪಕ್ಕಕ್ಕ ಹೊರಳೋ ಮಾಡೆಲ್ ಇದ್ರ ಎಡಗಡಿ ಗ್ರಿಪ್ಪಿನ ಮ್ಯಾಲಿನ ಭಾಗ ತೆಳ್ಳಗ ಮಾಡ್ರಿ, ಇಲ್ಲಾಂದ್ರ ಖಾಲಿ ತೋಟಾ ಬೀಳೋವಾಗ ಅಲ್ಲಿ ಸಿಗ್ತೈತಿ. ಚರ್ಮದ ಕೇಸಿನಾಗೂ ಹಾಕಿ ನೋಡ್ರಿ.

ಎಣ್ಣಿ

ಅಗಸಿ ಎಣ್ಣಿ. ನಮ್ಮ ಕಡಿ ಅಗಸಿ ಹಿಂಡಿ ಇಲ್ದ ರೊಟ್ಟಿ ಊಟ ಇಲ್ಲ, ಅದ ಅಗಸಿ. ಆದ್ರ ಗಾಣದ ಹಸಿ ಎಣ್ಣಿ ಹಚ್ಚಿದ್ರ ಒಣಗಾಕ ದಿನಗಟ್ಲೆ ಹಿಡೀತೈತಿ, ಪೇಂಟ್ ಅಂಗಡ್ಯಾಗ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳ್ರಿ, ಅದು ಬ್ಯಾಗ ಒಣಗ್ತೈತಿ. ಕೊಬ್ಬರಿ ಎಣ್ಣಿ, ಶೇಂಗಾ ಎಣ್ಣಿ ಯಾವತ್ತೂ ಒಣಗಂಗಿಲ್ಲ, ಅಂಟಂಟು ಉಳೀತಾವು. ನಾಲ್ಕು ಹನಿ ಬೆರಳಿನಾಗ ತಗೊಂಡು ಕಟ್ಟಿಗಿ ಬೆಚ್ಚಗಾಗೋತನ ತಿಕ್ಕಿ, ಕಾಲು ತಾಸು ಬಿಟ್ಟು, ಉಳ್ದದ್ದು ಪೂರ್ತಿ ಒರೆಸಿ, ಒಂದು ದಿನ ಬಿಟ್ಟು ಮತ್ತ. ಐದಾರು ಸಲ. ಒಳಮೈಗೂ, ಸ್ಕ್ರೂ ತೂತಿನ ಒಳಗೂ ಹಚ್ಚಲೇಬೇಕು. ಹೊರಗಷ್ಟ ಹಚ್ಚಿದ್ರ ಒಳಗಿನಿಂದ ತೇವ ಕುಡುದು ಗ್ರಿಪ್ ಬಾಗ್ತೈತಿ.

ಒಂದು ಎಚ್ಚರ, ಇದು ಭಾಳ ಮುಖ್ಯ. ಅಗಸಿ ಎಣ್ಣಿ ಒರೆಸಿದ ಬಟ್ಟಿನ್ನ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ. ಆ ಎಣ್ಣಿ ಒಣಗೋವಾಗ ಕಾವು ಹುಟ್ಟತೈತಿ, ಮುದ್ದಿ ಒಳಗ ಆ ಕಾವು ಕೂಡಿಕೊಂಡು ತಾನ ಬೆಂಕಿ ಹತ್ತಬಹುದು, ನಮ್ಮ ಏಪ್ರಿಲ್ ಬಿಸಲಿನಾಗ ಕೇಳೋದ ಬ್ಯಾಡ. ಬಟ್ಟಿ ಹೊರಗ ಹಗ್ಗದ ಮ್ಯಾಲ ಬಿಡಿಸಿ ಒಣಗಿಸ್ರಿ, ಇಲ್ಲಾ ನೀರಿನ ಡಬ್ಬಿಗೆ ಹಾಕ್ರಿ.

ಹವಾ ನೋಡಿ ಕೂಡ್ಸ್ರಿ

ಎರಡನೇ ಜೋಡಿ ಸಾಗವಾನಿದು. ಆಯುಧ ಠಾಣೆಯಿಂದ ಜೂನ್‌ನಾಗ ಬಂತಲ್ಲ, ಮಳಿ ಶುರು ಆಗಿತ್ತು, ಆಸಿ ತಡೀಲಿಲ್ಲ, ಆ ವಾರದಾಗನ ಕೂಡ್ಸಿದೆ, ಒಳಗ ಎಣ್ಣಿನೂ ಹಚ್ಚಿರಲಿಲ್ಲ. ಎಷ್ಟ ಚಂದ ಕೂತಿತ್ತು ಅಂದ್ರ ಬೆರಳಾಡಿಸಿದ್ರ ಕಬ್ಬಿಣ ಎಲ್ಲಿ ಕಟ್ಟಿಗಿ ಎಲ್ಲಿ ಗೊತ್ತಾಗ್ತಿರಲಿಲ್ಲ. ಮುಂದಿನ ಏಪ್ರಿಲ್‌ಗೆ ಕೈಯಾಗ ಹಿಡ್ದೆ, ಫ್ರೇಮಿನ ಅಂಚು ಚಾಕು ಹಂಗ ಅಂಗೈಗೆ ಚುಚ್ಚಿತು. ಕಟ್ಟಿಗಿ ಅಗಲಕ್ಕ ಕುಗ್ಗಿತ್ತು, ಉದ್ದಕ್ಕಲ್ಲ, ಕಟ್ಟಿಗಿ ಯಾವಾಗ್ಲೂ ಎಳಿಗೆ ಅಡ್ಡನ ಕುಗ್ಗೋದು. ಅದಕ್ಕ ಕಟ್ಟಿಗಿ ಕಮ್ಮಿ ಅಂದ್ರ ಮೂರು ವಾರ ಮನಿ ಒಳಗ ಇಟ್ಟು, ಫೆಬ್ರವರಿ ಮಾರ್ಚ್‌ನಾಗ ಒಣ ಹವಾ ಇದ್ದಾಗ ಕಡೀ ಆಕಾರ ಕೊಡ್ರಿ. ಆಗ ಕೂಡ್ಸಿದ್ದು ಮಳಿಗಾಲದಾಗ ಕೂದಲೆಳಿಯಷ್ಟು ಉಬ್ಬತೈತಿ, ಕೈಗೆ ಅದು ಗೊತ್ತಾಗಂಗಿಲ್ಲ. ಮಳಿಗಾಲದಾಗ ಮಾಡಲೇಬೇಕು ಅಂದ್ರ ಅಂಚಿಗೆ ಕಾಲು ಮಿ.ಮೀ. ಕಟ್ಟಿಗಿ ಜಾಸ್ತಿ ಬಿಟ್ಟು, ಬ್ಯಾಸಿಗ್ಯಾಗ ಮತ್ತ ಒಂದ ಸಲ ತಿಕ್ಕಿ ಸಮ ಮಾಡ್ರಿ.

ಕಡೀ ಬಿಗಿ, ಆಮ್ಯಾಲಿನ ನೋಟ

ಎರಡೇ ಬೆರಳಿನಾಗ ಸ್ಕ್ರೂ ಡ್ರೈವರ್ ಹಿಡ್ದು ತಿರುವ್ರಿ. ನಿಂತಿತು ಅನಿಸಿದ ಮ್ಯಾಲ ಎಂಟನೇ ಒಂದು ಸುತ್ತು, ಸಾಕು. ಬ್ಯಾಟ್ರಿ ಡ್ರೈವರ್ ಹತ್ರ ಸೈತ ತರಬ್ಯಾಡ್ರಿ. ತಾನ ಸಡ್ಲ ಆಗ್ತೈತಿ ಅನಿಸಿದ್ರ ಚೂಡಿಗೆ ಒಂದು ಚುಕ್ಕಿ ಉಗುರು ಬಣ್ಣ ಹಚ್ಚಿ, ಮುಂದ ಬಿಚ್ಚಾಕೂ ಬರ್ತೈತಿ. ಲೈಸೆನ್ಸ್ ಇರೋ ರೇಂಜಿನಾಗ ಹತ್ತು ಹದಿನೈದು ಗುಂಡು ಹೊಡದ ಮ್ಯಾಲ ಖಾಲಿ ಮಾಡಿ ಬಿಚ್ಚಿ ಒಳಮೈ ನೋಡ್ರಿ. ಹೊಳಪು ಸುತ್ತಾ ಅಂಚಿಗೆ ಒಂದ ಸಮ ಇದ್ರ ಒದಿನ ಕಟ್ಟಿಗಿ ಪೂರ್ತಿ ತಗೊಂಡೈತಿ, ಬರೇ ಸ್ಕ್ರೂ ತೂತಿನ ಸುತ್ತ ಕಟ್ಟಿಗಿ ಜಜ್ಜಿದಂಗ ಇದ್ರ ಮತ್ತ ಕಾಡಿಗಿ ತಗೊಂಡು ಕುಂದರಬೇಕು.

ವರ್ಷಕ್ಕ ಎರಡು ಸಲ, ಬ್ಯಾಸಿಗಿ ಮುಂಚೆ ಒಂದು, ಮಳಿ ಮುಗದ ಮ್ಯಾಲ ಒಂದು, ಗ್ರಿಪ್ ಬಿಚ್ಚಿ ಕೆಳಗ ತುಕ್ಕು ನೋಡಿ, ಕಟ್ಟಿಗಿಗೆ ಎರಡು ಹನಿ ಅಗಸಿ ಎಣ್ಣಿ ತಿಕ್ರಿ. ಚರ್ಮದ ಕೇಸಿನಾಗ ತಿಂಗಳುಗಟ್ಲೆ ಇಡಬ್ಯಾಡ್ರಿ, ಚರ್ಮ ತೇವ ಹಿಡೀತೈತಿ. ಹಳೇ ಗ್ರಿಪ್ ಒಗೀಬ್ಯಾಡ್ರಿ, ಅದ್ರ ಸ್ಕ್ರೂ ನಟ್ ಸಮೇತ ಒಂದು ಪಾಕೀಟಿನಾಗ ಹಾಕಿ ಲೈಸೆನ್ಸ್ ಬುಕ್ಕಿನ ಜೋಡಿ ಇಡ್ರಿ. ಅಪ್ಪಾರ ಆ ಸೀಳಿದ ಪ್ಲಾಸ್ಟಿಕ್ ತುಂಡು, ಕರಿ ಟೇಪ್ ಸಮೇತ, ನಮ್ಮನ್ಯಾಗ ಹಂಗ ಐತಿ.